ಮೂರು ಕಪ್ಪು ಟ್ಯೂಬು, ಗಂಡಸಿನ ಮುಖ: ಬಳ್ಳಾರಿ ಬಿಸಿಲಿಗೆ ಯಾವುದು ಸರಿ?

ಬಳ್ಳಾರಿಯ ಸ್ಟೇಷನರಿ ಅಂಗಡಿಯಲ್ಲಿ ‘ಒಂದು ಬ್ಲ್ಯಾಕ್ ಕೊಡಿ’ ಎಂದರೆ ಯಾವ ಬ್ಲ್ಯಾಕ್ ಎಂದು ಕೇಳುವವರು ಕಡಿಮೆ. ಡಬ್ಬಿಯಲ್ಲಿ ಮೊದಲು ಕೈಗೆ ಸಿಕ್ಕ ಕಪ್ಪು ಬಣ್ಣದ ಟ್ಯೂಬು ಕೌಂಟರಿಗೆ ಬರುತ್ತದೆ. ಕೊಳ್ಳುವವರೂ ಹೆಸರು ಓದುವುದಿಲ್ಲ. ಕೂದಲು, ಹುಬ್ಬು, ಮೀಸೆ, ಔಟ್‌ಲೈನು, ಕಪ್ಪಿನ ಕೆಲಸ ಅಷ್ಟೇ ಎಂಬ ಲೆಕ್ಕ. ಮುಖಕ್ಕೆಂದೇ ಸೆಟ್ಟಿನಲ್ಲಿ ಫ್ಲೆಶ್ ಟಿಂಟ್ ಎಂಬ ಇನ್ನೊಂದು ಟ್ಯೂಬು ಇರುತ್ತದೆ. ಗುಲಾಬಿಗೆ ಹಳದಿ ಬೆರೆತ ಆ ತಿಳಿ ಬಣ್ಣದ ಗಂಡಸು ಬಳ್ಳಾರಿ, ರಾಯಚೂರು, ಕೊಪ್ಪಳದ ಬಿಸಿಲಲ್ಲಿ ಸಿಗುವುದು ಅಪರೂಪ. ಆದರೂ ನಮ್ಮ ಭಾವಚಿತ್ರಗಳಲ್ಲಿ ಅವನೇ ಕೂತಿರುತ್ತಾನೆ.

ಇಲ್ಲಿ ನೋಡುತ್ತಿರುವುದು ಐವರಿ ಬ್ಲ್ಯಾಕ್, ಲ್ಯಾಂಪ್ ಬ್ಲ್ಯಾಕ್, ಮಾರ್ಸ್ ಬ್ಲ್ಯಾಕ್ ಎಂಬ ಮೂರು ಬಣ್ಣಗಳನ್ನು, ನೀರಿನಲ್ಲಿ ಕಲಸುವ ಅಕ್ರಿಲಿಕ್‌ನಲ್ಲೂ ಎಣ್ಣೆ ಬಣ್ಣದಲ್ಲೂ. ಕಂಪನಿಯ ಹೆಸರಿಗಿಂತ ಟ್ಯೂಬಿನೊಳಗಿನ ಪುಡಿ ಯಾವುದು ಎಂಬುದೇ ಮುಖ್ಯವಾದ್ದರಿಂದ ಪುಡಿಯ ಲೆಕ್ಕದಲ್ಲೇ ಮಾತಾಡುತ್ತೇವೆ. ಕೆಲಸವೂ ನಿರ್ದಿಷ್ಟ: ಕಪ್ಪು ಮೈಬಣ್ಣದ ಗಂಡಸಿನ ಮುಖ, ಅದೂ ಅವನ ಮನಸ್ಸಿನ ಭಾರ ಕಾಣುವ ಹಾಗೆ. ಕಪ್ಪನ್ನು ನೆರಳಿಗೆ ಮಾತ್ರ ಮೀಸಲಿಟ್ಟರೆ ಈ ಕೆಲಸ ಆಗುವುದಿಲ್ಲ. ಅದನ್ನು ಚರ್ಮದ ಬಣ್ಣವಾಗಿ, ಬೆಚ್ಚಗಿನದು, ತಣ್ಣಗಿನದು, ಹತ್ತಿರದ್ದು, ದೂರದ್ದು ಎಂದು ಬೇರೆ ಬೇರೆ ಮಾಡಿ ಬಳಸಿದಾಗಲೇ ದವಡೆಯ ಬಿಗಿ, ಹಣೆಯ ಗೆರೆ, ನಿದ್ದೆಗೆಟ್ಟ ಕಣ್ಣಡಿಯ ಹಳ್ಳ ಎದ್ದು ಕಾಣುತ್ತವೆ.

ಇದನ್ನು ಕಲಿಸಿಕೊಟ್ಟವರು ಅಮೆರಿಕದ ಕಪ್ಪು ಚಿತ್ರಕಾರರು. 1955ರಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಕೆರ್ರಿ ಜೇಮ್ಸ್ ಮಾರ್ಷಲ್ 1980ರಲ್ಲಿ ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಚಿತ್ರ ಬರೆದರು. ಕಪ್ಪು ಹಿನ್ನೆಲೆ, ಅದರ ಮುಂದೆ ಕಪ್ಪು ಗಂಡಸು. ಎದ್ದು ಕಾಣುವುದು ಕಣ್ಣು, ಹಲ್ಲು, ಅಂಗಿಯ ಬಿಳುಪು. ಕಣ್ಣೆದುರೇ ಇದ್ದೂ ಯಾರಿಗೂ ಕಾಣದವನ ಚಿತ್ರ ಅದು. ಮುಂದೆ ಅವರು ಐವರಿ, ಕಾರ್ಬನ್ (ಇಂಗಾಲದ ಕಪ್ಪು), ಮಾರ್ಸ್ ಮೂರನ್ನೂ ಬೇರೆ ಬೇರೆ ಬಣ್ಣಗಳೆಂದೇ ಎಣಿಸಿ, ಕೋಬಾಲ್ಟ್ ನೀಲಿ, ಕ್ರೋಮಿಯಂ ಆಕ್ಸೈಡ್ ಹಸಿರು, ನೇರಳೆ ಬೆರೆಸಿ ಕಪ್ಪಿನೊಳಗೇ ಹಲವು ಛಾಯೆ ಮಾಡಿಕೊಂಡರು. ಅವರ ಜನರ ಮೈಬಣ್ಣವನ್ನು ತಿಳಿ ಮಾಡದೆ ಮುಖವನ್ನು ಪೂರ್ತಿ ತೋರಿಸಿದ್ದು ಈ ದಾರಿಯಿಂದ.

ಜೇಕಬ್ ಲಾರೆನ್ಸ್ ಅವರದು ಇನ್ನೊಂದು ದಾರಿ. ಅಮೆರಿಕದ ದಕ್ಷಿಣದ ಹೊಲಗಳಿಂದ ಉತ್ತರದ ಪಟ್ಟಣಗಳಿಗೆ ವಲಸೆ ಹೋದ ಕಪ್ಪು ಜನರ ಕಥೆಯನ್ನು 1941ರಲ್ಲಿ 60 ಫಲಕಗಳಲ್ಲಿ ಬರೆದು ಹೆಸರಾದವರು. 1949ರಲ್ಲಿ ಮನಸ್ಸು ಕುಸಿದಾಗ ತಾವಾಗಿಯೇ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದ ಹಿಲ್‌ಸೈಡ್ ಆಸ್ಪತ್ರೆಗೆ ದಾಖಲಾದರು. ಅಲ್ಲಿ ಕಂಡದ್ದನ್ನೂ ಬರೆದರು: ತಲೆ ತಗ್ಗಿಸಿದ ರೋಗಿಗಳು, ಮಾತ್ರೆ ದಿಟ್ಟಿಸುವ ಗಂಡಸರು. ಆ ಕಾಲದಲ್ಲಿ ಹೆಸರಾದ ಗಂಡಸೊಬ್ಬ ಹೀಗೆ ಬಹಿರಂಗವಾಗಿ ಹೇಳಿಕೊಂಡದ್ದು ದೊಡ್ಡ ಧೈರ್ಯ. ಇನ್ನು 1977ರಲ್ಲಿ ಶಿಕಾಗೊದಲ್ಲಿ ಹುಟ್ಟಿದ ರಶೀದ್ ಜಾನ್ಸನ್. ಆತಂಕದ ಗಂಡಸರು ಎಂಬ ಅರ್ಥದ ಅವರ ಸರಣಿಯನ್ನು 2015ರಲ್ಲಿ ನ್ಯೂಯಾರ್ಕಿನ ಡ್ರಾಯಿಂಗ್ ಸೆಂಟರ್‌ನಲ್ಲಿ ತೋರಿಸಿದರು. ಬಿಳಿ ಟೈಲ್ಸ್, ಅದರ ಮೇಲೆ ಆಫ್ರಿಕದ ಕಪ್ಪು ಸೋಪು ಮತ್ತು ಮೇಣ, ಅದರಲ್ಲಿ ಗೀಚಿದ ಮುಖ. ಸುರುಳಿ ಸುತ್ತಿದ ಕಣ್ಣು, ಕಚ್ಚಿ ಹಿಡಿದ ಹಲ್ಲು. ಬಚ್ಚಲಿನ ಗೋಡೆಗೆ ಹಾಕುವ ವಸ್ತು ಮತ್ತು ಮೈ ತೊಳೆಯುವ ವಸ್ತು ಸೇರಿ ಗಂಡಸಿನ ಗಾಬರಿಯನ್ನು ಹೇಳುತ್ತವೆ. ವಸ್ತು ಸರಿಯಾಗಿ ಆರಿಸಿಕೊಂಡರೆ ಅರ್ಧ ಮಾತು ಅದೇ ಆಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಇಲ್ಲೊಂದು ಎಚ್ಚರ ಬೇಕು. ಅವರ ಕಪ್ಪಿನ ಹಿಂದೆ ಗುಲಾಮಗಿರಿ, ವರ್ಣಭೇದ, ಪೊಲೀಸ್ ಬಂದೂಕಿನ ಚರಿತ್ರೆ ಇದೆ. ಬಳ್ಳಾರಿಯ ಹಮಾಲನ ಮೈ ಕಪ್ಪಗಿದೆ ಎಂದ ಮಾತ್ರಕ್ಕೆ ಅವನ ಕಥೆ ಅದೇ ಆಗುವುದಿಲ್ಲ. ತಂತ್ರ ಕಲಿಯೋಣ, ಅವರ ನೋವನ್ನು ಅಲಂಕಾರಕ್ಕೆ ಎತ್ತಿಕೊಳ್ಳುವುದು ಬೇಡ. ಹಾಗೆ ನೋಡಿದರೆ ನಮ್ಮ ಸೀಮೆಗೂ ಆಫ್ರಿಕದ ಮುಖಗಳು ಹೊಸದಲ್ಲ. ರಾಯಚೂರು ಸೇರಿದ್ದ ಬಿಜಾಪುರದ ಆದಿಲ್‌ಶಾಹಿಯಲ್ಲಿ ಇಖ್ಲಾಸ್ ಖಾನ್ ಎಂಬ ಆಫ್ರಿಕ ಮೂಲದ ಹಬ್ಶಿ ಮುಖ್ಯಮಂತ್ರಿಯಾಗಿದ್ದ. 17ನೇ ಶತಮಾನದ ದಖನಿ ಚಿತ್ರಕಾರರು ಅವನ ಮುಖವನ್ನು ದಟ್ಟ ಕಂದುಗಪ್ಪಿನಲ್ಲಿ, ಒಂದಿಷ್ಟೂ ತಿಳಿ ಮಾಡದೆ, ಗತ್ತಿನಿಂದ ಬರೆದಿದ್ದಾರೆ. ಆ ಚಿತ್ರಗಳ ಮುದ್ರಿತ ಪ್ರತಿ ಸಿಕ್ಕರೆ ಮೂಗಿನ ಗೆರೆ ನೋಡಿ. ಮೈಬಣ್ಣ ಸಪಾಟಾಗಿದೆ, ಅದಕ್ಕಿಂತ ಒಂದೇ ಮೆಟ್ಟಿಲು ದಟ್ಟವಾದ ಸಣ್ಣ ಗೆರೆಯಲ್ಲಿ ಇಡೀ ಮುಖ ನಿಂತಿದೆ.

ಟ್ಯೂಬಿನೊಳಗೆ ಏನಿದೆ

ಐವರಿ ಬ್ಲ್ಯಾಕ್ ಎಂದರೆ ಈಗ ದಂತವಲ್ಲ, ಪ್ರಾಣಿಗಳ ಮೂಳೆ ಸುಟ್ಟ ಪುಡಿ. ಸಸ್ಯಾಹಾರದ ಕಟ್ಟುನಿಟ್ಟು ಇರುವವರು ತಿಳಿದುಕೊಂಡೇ ಕೊಳ್ಳಲಿ. ಅದರಲ್ಲಿ ಇಂಗಾಲ ಕಡಿಮೆ, ಹೆಚ್ಚಿನ ಪಾಲು ಮೂಳೆಯ ಸುಣ್ಣದಂಶ. ಆದ್ದರಿಂದಲೇ ಬೇರೆ ಬಣ್ಣದ ಜೊತೆ ಸೇರಿದಾಗ ಅದನ್ನು ನುಂಗುವುದಿಲ್ಲ. ಸ್ವಲ್ಪ ಪಾರದರ್ಶಕ, ದಪ್ಪಗೆ ಹಚ್ಚಿದರೆ ಕಂದಿನ ಕಡೆ ವಾಲುತ್ತದೆ. ಅಕ್ರಿಲಿಕ್‌ನಲ್ಲಿ ಮುಖದ ಬಣ್ಣ ಬೆರೆಸಲು ಮೂರರಲ್ಲಿ ಇದೇ ಉತ್ತಮ. ಕೈ ತಪ್ಪಿ ಒಂದು ಹನಿ ಹೆಚ್ಚಾದರೂ ಮಿಶ್ರಣ ಕೆಡದೆ ಉಳಿಯುತ್ತದೆ.

ಎಣ್ಣೆ ಬಣ್ಣದಲ್ಲಿ ಇದೇ ಐವರಿ ತೊಂದರೆ ಕೊಡುತ್ತದೆ. ಪುಡಿ ಬಹಳ ಎಣ್ಣೆ ಕುಡಿಯುತ್ತದೆ, ಒಣಗುವುದು ನಿಧಾನ. ಬರ್ಂಟ್ ಅಂಬರ್ ಎಂಬ ದಟ್ಟ ಕಂದು ಬಣ್ಣ ಎರಡು ದಿನದಲ್ಲಿ ಕೈಗೆ ಅಂಟದ ಹಾಗೆ ಒಣಗಿದರೆ ಐವರಿಗೆ ಐದಕ್ಕಿಂತ ಹೆಚ್ಚು ದಿನ ಬೇಕು. ಐವರಿಯನ್ನು ಕೆಳಪದರಕ್ಕೆ ಹಚ್ಚಿ ಮೇಲೆ ಅಂಬರ್ ಹಾಕಿದರೆ ಮೇಲಿನದು ಮೊದಲು ಬಿಗಿಯುತ್ತದೆ, ಕೆಳಗಿನದು ಇನ್ನೂ ಕದಲುತ್ತಿರುತ್ತದೆ. ಕೆಲವು ತಿಂಗಳಲ್ಲಿ ಕೆನ್ನೆಯ ಮೇಲೆ ಬಿರುಕು. ಎಣ್ಣೆಯಲ್ಲಿ ಐವರಿ ಕೊನೆಯ ಪದರಕ್ಕೆ ಮಾತ್ರ.

ಲ್ಯಾಂಪ್ ಬ್ಲ್ಯಾಕ್ ದೀಪದ ಕಾಡಿಗೆಯ ವಂಶದ್ದು, ಹೆಚ್ಚುಕಡಿಮೆ ಶುದ್ಧ ಇಂಗಾಲ. ಕಣ ಬಹಳ ಸಣ್ಣದು, ಬಣ್ಣ ಬಹಳ ಜೋರು. ಬಿಳಿ ಬೆರೆಸಿದರೆ ನೀಲಿ ಬೂದು ಬರುತ್ತದೆ. ಮುಖದ ಮಿಶ್ರಣಕ್ಕೆ ಹಾಕಿದರೆ ಸಿಯೆನ್ನಾ ಎಂಬ ಕೆಂಗಂದು ಬಣ್ಣದ ಕೆಂಪನ್ನೆಲ್ಲ ನುಂಗಿ ಮುಖ ಸತ್ತಂತೆ ಕಾಣುತ್ತದೆ. ನಮ್ಮ ಅಭಿಪ್ರಾಯ ನೇರವಾಗಿ ಹೇಳುವುದಾದರೆ ಇದು ಮುಖದ ಟ್ಯೂಬಲ್ಲ. ಕಣ್ಣಪಾಪೆ, ಮೂಗಿನ ಹೊಳ್ಳೆ, ತುಟಿಗಳ ನಡುವಿನ ಗೆರೆ, ಕಾಲರ್ ಮತ್ತು ಕತ್ತಿನ ಸಂದು ಈ ನಾಲ್ಕಕ್ಕೆ ಸಾಸಿವೆಯಷ್ಟು ಸಾಕು. ಅಂಗಡಿಯಲ್ಲಿ ಬರೀ ಬ್ಲ್ಯಾಕ್ ಎಂದು ಬರೆದಿರುವ ಟ್ಯೂಬು ಸಾಮಾನ್ಯವಾಗಿ ಇದೇ ಇಂಗಾಲದ ಜಾತಿಯದು. ಕಲಿಯುವವರ ಮುಖಗಳು ಮಸಿ ಹಿಡಿದಂತೆ ಆಗುವುದಕ್ಕೆ ಅರ್ಧ ಕಾರಣ ಅಲ್ಲೇ ಇದೆ.

ಮಾರ್ಸ್ ಬ್ಲ್ಯಾಕ್ ಕಬ್ಬಿಣದ ಆಕ್ಸೈಡ್. ಕಾರ್ಖಾನೆಯಲ್ಲಿ ಮಾಡಿದ್ದಾದರೂ ರಾಸಾಯನಿಕವಾಗಿ ಮ್ಯಾಗ್ನೆಟೈಟ್ ಅದಿರೇ. ಒಣ ಪುಡಿಯ ಹತ್ತಿರ ಅಯಸ್ಕಾಂತ ಹಿಡಿದರೆ ಎದ್ದು ಬಂದು ಅಂಟುತ್ತದೆ. ಸಂಡೂರಿನ ಕೆಂಪು ಅದಿರಿಗೆ ದಾಯಾದಿ ಎನ್ನಬಹುದು. ದಟ್ಟ, ಮುಚ್ಚುವ ಶಕ್ತಿ ಹೆಚ್ಚು, ಬಿಳಿ ಬೆರೆತಾಗ ಕಂದು ಛಾಯೆ. ಎಣ್ಣೆಯಲ್ಲಿ ಬೇರೆ ಎರಡು ಕಪ್ಪಿಗಿಂತ ಬೇಗ ಒಣಗುತ್ತದೆ, ಕೆಳಪದರಕ್ಕೆ ನೆಮ್ಮದಿಯಿಂದ ಬಳಸಬಹುದು. ಎಣ್ಣೆ ಬಣ್ಣದವರು ಒಂದೇ ಕಪ್ಪು ಕೊಳ್ಳುವುದಾದರೆ ಇದನ್ನೇ ಕೊಳ್ಳಲಿ. ತೊಂದರೆ ಎಂದರೆ ಮೂರು ಜಿಲ್ಲೆಯ ಅಂಗಡಿಗಳಲ್ಲೂ ಐವರಿ, ಲ್ಯಾಂಪ್ ಸಿಕ್ಕಷ್ಟು ಸುಲಭವಾಗಿ ಮಾರ್ಸ್ ಸಿಗುವುದಿಲ್ಲ. ಆನ್‌ಲೈನ್ ತರಿಸಬೇಕು ಇಲ್ಲವೇ ಬೆಂಗಳೂರಿಗೆ ಹೋಗುವವರಿಗೆ ಹೇಳಬೇಕು. ಕಪ್ಪು ಮತ್ತು ಮಣ್ಣಿನ ಬಣ್ಣಗಳು ಯಾವ ಕಂಪನಿಯಲ್ಲಾದರೂ ಅಗ್ಗದ ಸೀರೀಸಿನಲ್ಲೇ ಇರುತ್ತವೆ, ಹಾಗಾಗಿ ಇವುಗಳಲ್ಲಿ ಸ್ಟೂಡೆಂಟ್ ದರ್ಜೆಗೆ ಇಳಿಯದೆ ಆರ್ಟಿಸ್ಟ್ ದರ್ಜೆಯದನ್ನೇ ಕೊಳ್ಳುವುದು ಲಾಭ.

ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಪುಡಿಯ ಸಂಕೇತ ಇರುತ್ತದೆ: ಪಿಬಿಕೆ (PBk) 9 ಐವರಿ, ಪಿಬಿಕೆ 6 ಅಥವಾ 7 ಇಂಗಾಲ, ಪಿಬಿಕೆ 11 ಮಾರ್ಸ್. ಸಂಕೇತ ಇಲ್ಲದಿದ್ದರೆ ಒಂದು ಪಾಲು ಕಪ್ಪಿಗೆ ಹತ್ತು ಪಾಲು ಟೈಟೇನಿಯಂ ಬಿಳಿ ಬೆರೆಸಿ, ಬಿಳಿ ರಟ್ಟಿನ ಮೇಲೆ ಹಳೆಯ ಎಟಿಎಂ ಕಾರ್ಡಿನಿಂದ ಎಳೆದು ಒಣಗಲು ಬಿಡಿ. ದಟ್ಟ ನೀಲಿಬೂದು ಬಂದರೆ ಇಂಗಾಲ, ಕಂದುಬೂದು ಬಂದರೆ ಮಾರ್ಸ್, ತೀರ ತಿಳಿಬೂದು ಬಂದರೆ ಐವರಿ.

ಮುಖ ಕಟ್ಟುವ ಕ್ರಮ

ಬಿಳಿ ಕ್ಯಾನ್ವಾಸಿನ ಮೇಲೆ ಕಪ್ಪು ಮುಖ ಶುರು ಮಾಡಬೇಡಿ. ಸುತ್ತಲಿನ ಬಿಳಿಯ ಎದುರು ಯಾವ ಕಂದು ಹಚ್ಚಿದರೂ ಕಣ್ಣಿಗೆ ತೀರ ಕಪ್ಪೆನಿಸುತ್ತದೆ, ಕೈ ತಾನಾಗಿ ಬಿಳಿ ಬೆರೆಸತೊಡಗುತ್ತದೆ. ಮೊದಲು ಬರ್ಂಟ್ ಸಿಯೆನ್ನಾವನ್ನು ನೀರಾಗಿ ಮಾಡಿ ಇಡೀ ಕ್ಯಾನ್ವಾಸಿಗೆ ಒಂದು ಕೈ ಹೊಡೆಯಿರಿ. ಒಣಗಿದ ಮೇಲೆ ಸೀಸಕಡ್ಡಿ ಬಿಟ್ಟು ಬಿಳಿ ಪೆನ್ಸಿಲಿನಲ್ಲಿ ಗುರುತು.

ಸಾಧಾರಣ ಕಪ್ಪು ಮೈಬಣ್ಣಕ್ಕೆ ಬರ್ಂಟ್ ಅಂಬರ್ ಮೂರು ಪಾಲು, ಬರ್ಂಟ್ ಸಿಯೆನ್ನಾ ಒಂದು, ಅಲ್ಟ್ರಾಮರೀನ್ ನೀಲಿ ಒಂದು. ಇದರಲ್ಲಿ ಕಪ್ಪು ಟ್ಯೂಬೇ ಇಲ್ಲ, ಗಮನಿಸಿ. ಇನ್ನೂ ದಟ್ಟ ಬೇಕಾದಾಗ ಕಪ್ಪನ್ನು ಮೂರು ತಟ್ಟೆಯಾಗಿ ಮಾಡಿಕೊಳ್ಳಿ. ಬುನಾದಿಗೆ ಮಾರ್ಸ್ ಎರಡು, ಬರ್ಂಟ್ ಅಂಬರ್ ಒಂದು. ಬೆಳಕಿನಿಂದ ಆಚೆ ತಿರುಗಿದ ತಣ್ಣನೆಯ ಭಾಗಕ್ಕೆ ಐವರಿ ಎರಡು, ಅಲ್ಟ್ರಾಮರೀನ್ ಒಂದು. ಕೋಬಾಲ್ಟ್ ಕೊಳ್ಳಲಾದರೆ ಇನ್ನೂ ಚೆನ್ನ, ಆದರೆ ದುಬಾರಿ. ಕಿವಿ, ಮೂಗಿನ ತುದಿ, ಕೆಳತುಟಿ, ಕೈಬೆರಳಿನ ಗಿಣ್ಣು ಇಂಥ ರಕ್ತ ಓಡಾಡುವ ಕಡೆ ಐವರಿ ಎರಡು, ಬರ್ಂಟ್ ಸಿಯೆನ್ನಾ ಒಂದು, ಚಿಟಿಕೆ ಅಲಿಜರಿನ್ ಕ್ರಿಮ್ಸನ್ ಎಂಬ ದಟ್ಟ ಕೆಂಪು. ಮೂರೂ ಕಪ್ಪೇ. ಪಕ್ಕಪಕ್ಕ ಇಟ್ಟಾಗ ಮಾತ್ರ ಮುಖ ತಿರುಗುತ್ತದೆ.

ಹೆಚ್ಚಿನ ಚಿತ್ರ ಕೆಡುವುದು ಬೆಳಕಿನ ಚುಕ್ಕೆಯಲ್ಲಿ. ಮೂಗಿನ ಮೇಲೆ, ಹಣೆಯ ಉಬ್ಬಿನ ಮೇಲೆ ಬಿಳಿ ಟ್ಯೂಬನ್ನೇ ಇಟ್ಟರೆ ಸುಣ್ಣ ಬಳಿದ ಹಾಗೆ ಆಗುತ್ತದೆ. ಕಪ್ಪು ಚರ್ಮ ಎದುರಿಗಿದ್ದುದನ್ನು ಪ್ರತಿಫಲಿಸುತ್ತದೆ: ಬಾಗಿಲ ಬಳಿ ಕೂತವನ ಹಣೆಯಲ್ಲಿ ಆಕಾಶದ ನೀಲಿಬೂದು, ಎಲ್‌ಇಡಿ ಟ್ಯೂಬ್‌ಲೈಟ್ ಕೆಳಗೆ ತುಸು ಹಸಿರು ಛಾಯೆ, ಕೆಂಪು ಮಣ್ಣಿನ ಅಂಗಳದಲ್ಲಿ ಗದ್ದದ ಕೆಳಗೆ ಕಿತ್ತಳೆ. ಅದಕ್ಕೆ ಅಲ್ಟ್ರಾಮರೀನ್, ಅಂಬರ್, ಬಿಳಿ ಸೇರಿದ ಬೂದು ಬೇಕು. ಬಣ್ಣವನ್ನು ತಿಳಿ ಮಾಡುವಾಗ ಬಿಳಿಗಿಂತ ಮೊದಲು ಯೆಲ್ಲೊ ಓಕರ್ (ಮಣ್ಣಿನ ಹಳದಿ) ಅಥವಾ ಕಿತ್ತಳೆ ಹಾಕಿ ನೋಡಿ. ಆದರೆ ಐವರಿಗೆ ಓಕರ್ ಬೆರೆಸಿದರೆ ಪಾಚಿ ಹಸಿರು ಹುಟ್ಟುತ್ತದೆ; ಬೇಡವಾದಲ್ಲಿ ಚಿಟಿಕೆ ಸಿಯೆನ್ನಾ ಅದನ್ನು ಕೊಲ್ಲುತ್ತದೆ. ಕಾಯಿಲೆಯಿಂದ ಎದ್ದವನ ಅಥವಾ ನಿದ್ದೆ ಇಲ್ಲದವನ ಕಣ್ಣಡಿಗೆ ಆ ಹಸಿರೇ ಬೇಕಾದೀತು.

ಮನಸ್ಸಿನ ಭಾರ ತೋರಿಸಲು ಕಣ್ಣೀರು ಬರೆಯಬೇಕಿಲ್ಲ. ಗಂಡಸರಲ್ಲಿ ಅದು ಕಿವಿಯ ಕೆಳಗೆ ದವಡೆ ಮೂಲೆಯ ಸ್ನಾಯುವಿನಲ್ಲಿ ಕಾಣುತ್ತದೆ. ಹಲ್ಲು ಕಚ್ಚಿದಾಗ ಅಲ್ಲಿ ಹುಣಸೆ ಬೀಜದಷ್ಟು ಉಬ್ಬು, ಅದರ ಮುಂದೆ ಸಣ್ಣ ತಗ್ಗು. ಉಬ್ಬಿಗೆ ಬೆಚ್ಚನೆಯ ಕಪ್ಪು, ತಗ್ಗಿಗೆ ತಣ್ಣನೆಯದು. ನಡುವಿನ ಅಂಚನ್ನು ಒಣ ಬ್ರಶ್ಶಿನಿಂದ ಉಜ್ಜಿ ಮಸಕು ಮಾಡಿ. ಭುಜ ಕಿವಿಯ ಕಡೆ ಏರಿರುವುದು, ಒಂದು ಕೈ ಇನ್ನೊಂದರ ಹೆಬ್ಬೆರಳನ್ನು ಹಿಡಿದಿರುವುದು, ಇವು ಮುಖಕ್ಕಿಂತ ಹೆಚ್ಚು ಹೇಳುತ್ತವೆ. ಕೂರಿಸುವಾಗ ನಗು ಎನ್ನಬೇಡಿ, ಎದೆ ಉಬ್ಬಿಸು ಎನ್ನಬೇಡಿ. ಮೊದಲ ಹತ್ತು ಹದಿನೈದು ನಿಮಿಷ ಎಲ್ಲ ಗಂಡಸರೂ ಫೋಟೊಕ್ಕೆ ನಿಂತಂತೆ ಇರುತ್ತಾರೆ. ಆ ಹೊತ್ತು ಹಿನ್ನೆಲೆ ಬರೆಯಿರಿ. ಬೆನ್ನು ಸಡಿಲಾದ ಮೇಲೆ ಮುಖಕ್ಕೆ ಬನ್ನಿ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಲು ಬಿಡಿ.

ಬಿಸಿಲು, ನೀರು, ಧೂಳು

ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟಿದಾಗ ಅಕ್ರಿಲಿಕ್ ತಟ್ಟೆಯಲ್ಲೇ ಚರ್ಮ ಕಟ್ಟುತ್ತದೆ. ಫ್ಯಾನ್ ಕೆಳಗಂತೂ ಐದು ನಿಮಿಷ ಉಳಿಯುವುದಿಲ್ಲ. ಸ್ಟೀಲ್ ತಟ್ಟೆಯಲ್ಲಿ ಒದ್ದೆ ಬಟ್ಟೆ ನಾಲ್ಕು ಮಡಿಕೆ ಹಾಸಿ, ಮೇಲೆ ಅಡುಗೆಯ ಬೇಕಿಂಗ್ ಪೇಪರ್ ಇಟ್ಟು ಅದರ ಮೇಲೆ ಬಣ್ಣ ಹಿಂಡಿ. ಮುಚ್ಚಿಟ್ಟರೆ ಮರುದಿನಕ್ಕೂ ಬರುತ್ತದೆ. ಒಣಗುವುದನ್ನು ನಿಧಾನ ಮಾಡಲು ಬೆರೆಸುವ ರಿಟಾರ್ಡರ್ ಬಣ್ಣದ ಹತ್ತನೇ ಒಂದು ಪಾಲು ಮೀರಿದರೆ ಮೇಲ್ಮೈ ಅಂಟಂಟಾಗಿ ಉಳಿದು ಧೂಳು ಹಿಡಿಯುತ್ತದೆ. ಅಕ್ರಿಲಿಕ್ ಒಣಗಿದ ಮೇಲೆ ಒಂದು ಛಾಯೆ ದಟ್ಟವಾಗುತ್ತದೆ, ಏಕೆಂದರೆ ಹಸಿ ಇದ್ದಾಗ ಹಾಲಿನಂತಿರುವ ಅಂಟು ಒಣಗಿ ಪಾರದರ್ಶಕವಾಗುತ್ತದೆ. ಕಪ್ಪು ಮುಖದಲ್ಲಿ ಆ ಒಂದು ಛಾಯೆಯೇ ದವಡೆಯ ಉಬ್ಬನ್ನು ಅಳಿಸಿಬಿಡುತ್ತದೆ. ಮಿಶ್ರಣವನ್ನು ರಟ್ಟಿನ ಮೇಲೆ ಹಚ್ಚಿ ಹೇರ್ ಡ್ರೈಯರ್‌ನಲ್ಲಿ ಒಣಗಿಸಿ ನೋಡಿದ ಮೇಲೆ ಕ್ಯಾನ್ವಾಸಿಗೆ.

ನೀರಿನ ವಿಷಯ ಯಾರೂ ಹೇಳುವುದಿಲ್ಲ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಅದರಲ್ಲಿ ತೆಳು ಮಾಡಿದ ಕಪ್ಪು ಒಣಗಿದಾಗ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ತಿಳಿ ಬಣ್ಣದಲ್ಲಿ ಕಾಣದ್ದು ಕಪ್ಪಿನಲ್ಲಿ ಎದ್ದು ಕಾಣುತ್ತದೆ. ಫಿಲ್ಟರ್ ನೀರು ಬಳಸಿ. ವಾರ್ನಿಶ್‌ನಲ್ಲೂ ಇದೇ ತರಹದ ಮೋಸ ಇದೆ. ಮ್ಯಾಟ್ ವಾರ್ನಿಶ್‌ನ ಮಂಕಿಗೆ ಕಾರಣವಾದ ಸಣ್ಣ ಪುಡಿ ಕಪ್ಪಿನ ಮೇಲೆ ಬೂದಿ ಮುಸುಕು ಹಾಕುತ್ತದೆ. ಹೊಳಪಿನ (ಗ್ಲಾಸ್) ವಾರ್ನಿಶ್ ಎರಡು ಪಾಲು, ಮ್ಯಾಟ್ ಒಂದು ಪಾಲು, ಸೀಸೆಯ ತಳ ಕಲಕಿ, ತೆಳ್ಳಗೆ ಎರಡು ಕೈ. ಎಣ್ಣೆ ಚಿತ್ರಕ್ಕಾದರೆ ಆರು ತಿಂಗಳು ಕಾದು ಹಚ್ಚಿ. ಅಷ್ಟು ದಿನ ಅದಿರು ಲಾರಿ ಓಡಾಡುವ ರಸ್ತೆಯ ಕಡೆಯ ಕೋಣೆಯಲ್ಲಿ ಇಡಬೇಡಿ, ಕೆಂಪು ಧೂಳು ಹಸಿ ಕಪ್ಪಿನೊಳಗೆ ಕೂತರೆ ತೆಗೆಯಲಾಗದು.

ಕ್ಯಾನ್ವಾಸಿಗೆ ಬದಲು ಬಳ್ಳಾರಿಯ ಜೀನ್ಸ್ ಘಟಕಗಳಿಂದ ಉಳಿದ ಡೆನಿಮ್ ತುಂಡನ್ನು ನಾವು ಖುಷಿಯಿಂದ ಶಿಫಾರಸು ಮಾಡುತ್ತೇವೆ. ದುಡಿಯುವ ಗಂಡಸಿನ ಬಟ್ಟೆ ಅದು, ಅವನ ಚಿತ್ರಕ್ಕೆ ಒಪ್ಪುತ್ತದೆ. ಸ್ಟ್ರೆಚ್ ಬಟ್ಟೆ ಮಾತ್ರ ಬೇಡ, ಚೌಕಟ್ಟಿನ ಮೇಲೆ ಜೋಲುತ್ತದೆ. ಪೂರಾ ಹತ್ತಿಯದು, ದಪ್ಪನೆಯದು ಆರಿಸಿ, ಬಿಸಿನೀರಲ್ಲಿ ಒಮ್ಮೆ ಒಗೆದು ಕುಗ್ಗಿಸಿ, ಬಿಗಿದು ಹೊಡೆಯಿರಿ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿದಾಗ ನೀಲಿ ಹತ್ತಿದರೆ ಇನ್ನೊಮ್ಮೆ ಒಗೆಯಬೇಕು. ಆಮೇಲೆ ಅಕ್ರಿಲಿಕ್ ಮೀಡಿಯಂ (ಬಣ್ಣವಿಲ್ಲದ ಅಕ್ರಿಲಿಕ್ ಅಂಟು) ಎರಡು ಕೈ, ಇಲ್ಲದಿದ್ದರೆ ನೀಲಿ ಮೇಲಕ್ಕೆ ಊರಿ ಬರುತ್ತದೆ. ಅದರ ಮೇಲೆ ಗೆಸ್ಸೊ ಎಂಬ ಬಿಳಿ ಅಸ್ತರು ಎರಡು ಕೈ. ಅಕ್ರಿಲಿಕ್‌ನಲ್ಲಿ ಬರೆಯುವವರು ಗೆಸ್ಸೊ ಬಿಟ್ಟು ಡೆನಿಮ್‌ನ ನೀಲಿಯನ್ನೇ ಹಿನ್ನೆಲೆ ಮಾಡಿಕೊಳ್ಳಬಹುದು, ಕಪ್ಪು ಮುಖ ಅದರ ಎದುರು ಬಹಳ ಚೆನ್ನಾಗಿ ನಿಲ್ಲುತ್ತದೆ. ಎಣ್ಣೆಗೆ ಗೆಸ್ಸೊ ತಪ್ಪಿಸುವಂತಿಲ್ಲ, ಎಣ್ಣೆ ತಾಗಿದ ಹತ್ತಿ ಕೊಳೆಯುತ್ತದೆ.

ಗುಂಪಿನಲ್ಲಿ ಬರೆಯಿಸುವವರಿಗೆ

‘ನನಗ ಚಿತ್ರ ಬರಂಗಿಲ್ರೀ’ ಎನ್ನುವ ಗಂಡಸರಿಗೆ ಟ್ಯೂಬು, ಬ್ರಶ್ಶು ಕೊಟ್ಟು ಕೂರಿಸಿದರೆ ಕೈ ಕಟ್ಟಿ ಕೂರುತ್ತಾರೆ. ಅಲ್ಲಿ ಜಾನ್ಸನ್ ಅವರ ಸೋಪು, ಮೇಣದ ದಾರಿ ಕೆಲಸಕ್ಕೆ ಬರುತ್ತದೆ, ಅದೂ ಶಾಲೆಯ ಸಾಮಾನಿನಲ್ಲೇ. ದಪ್ಪ ಡ್ರಾಯಿಂಗ್ ಶೀಟಿಗೆ ಕೆಂಪು, ಕಿತ್ತಳೆ, ಬಿಳಿ ಮೇಣದ ಕ್ರೆಯಾನನ್ನು ಒತ್ತಿ ತುಂಬಿಸಿ, ಕಾಗದ ಎಲ್ಲೂ ಕಾಣಬಾರದು. ಕಪ್ಪು ಪೋಸ್ಟರ್ ಕಲರ್ ಎರಡು ಚಮಚಕ್ಕೆ ಪಾತ್ರೆ ತೊಳೆಯುವ ದ್ರವ ಸೋಪು ನಾಲ್ಕೈದು ಹನಿ ಬೆರೆಸಿ ಮೇಲೆ ಎರಡು ಕೈ ಹಚ್ಚಿ. ಸೋಪಿಲ್ಲದಿದ್ದರೆ ಬಣ್ಣ ಮೇಣದ ಮೇಲೆ ಹನಿಹನಿಯಾಗಿ ಸರಿಯುತ್ತದೆ; ಹೆಚ್ಚಾದರೆ ನೊರೆಗುಳ್ಳೆ ಎದ್ದು ಸಿಪ್ಪೆ ಸುಲಿಯುತ್ತದೆ. ಒಣಗಿದ ಮೇಲೆ ಖಾಲಿ ರೀಫಿಲ್ ಅಥವಾ ಮೊಳೆಯಿಂದ ಮುಖ ಗೀಚುವುದು. ಒಳಗಿನ ಕೆಂಪು ಹೊರಗೆ ಬರುತ್ತದೆ. ತಿದ್ದಲು ಆಗುವುದಿಲ್ಲ, ಚೆಂದ ಬರೆಯಬೇಕೆಂಬ ಹೆದರಿಕೆ ಅಲ್ಲಿಗೇ ಹೋಗುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರೊಳಗೆ ಮುಗಿಸಿ, ತಗಡಿನ ಮಾಡಿನ ಕೆಳಗೆ ಮಧ್ಯಾಹ್ನ ಕ್ರೆಯಾನು ಮೆತ್ತಗಾಗಿ ಗೆರೆ ಮುಚ್ಚಿಕೊಳ್ಳುತ್ತದೆ. ಕ್ರೆಯಾನಿಗೆ ಬದಲು ಆಯಿಲ್ ಪ್ಯಾಸ್ಟಲ್ ಬಳಸಿದರೆ ಅದು ಎಂದೂ ಪೂರ್ತಿ ಒಣಗದು, ಗಾಜಿನ ಫ್ರೇಮು ಹಾಕಿಸಲೇಬೇಕು.

ಯಾರಾದರೂ ಬರೀ ಕಪ್ಪನ್ನೇ ಬಳಸಿದ ಎಂದರೆ ಅವನ ಮನಸ್ಸು ಸರಿ ಇಲ್ಲ ಎಂದು ತೀರ್ಮಾನಿಸುವುದು ದೊಡ್ಡ ತಪ್ಪು. ಬಣ್ಣ ನೋಡಿ ಕಾಯಿಲೆ ಹೇಳುವ ವಿದ್ಯೆ ಇಲ್ಲ. ನೋಡಬೇಕಾದ್ದು ಬೇರೆ. ವಾರಗಟ್ಟಲೆ ನಿದ್ದೆ ಇಲ್ಲದಿರುವುದು, ಸಣ್ಣ ಮಾತಿಗೂ ಸಿಟ್ಟು, ಕುಡಿತ ಹೆಚ್ಚಾಗಿರುವುದು, ಪರೀಕ್ಷೆಯಲ್ಲಿ ಏನೂ ಸಿಗದ ಎದೆನೋವು, ತಲೆಭಾರ, ಕೆಲಸ ಬಿಟ್ಟು ಮೂಲೆ ಸೇರುವುದು. ಗಂಡಸರಲ್ಲಿ ಖಿನ್ನತೆ ಅಳುವಿಗಿಂತ ಹೆಚ್ಚಾಗಿ ಈ ವೇಷಗಳಲ್ಲಿ ಬರುತ್ತದೆ. ದೇಶದಲ್ಲಿ ಆತ್ಮಹತ್ಯೆಯಿಂದ ಸಾಯುವ ಹತ್ತು ಜನರಲ್ಲಿ ಸುಮಾರು ಏಳು ಮಂದಿ ಗಂಡಸರು ಎಂಬುದು ನೆನಪಿರಲಿ. ಸಾಯುವ ಮಾತು ಬಂದರೆ ನೇರವಾಗಿ ಕೇಳಿ. ಕೇಳಿದರೆ ತಲೆಗೆ ಹತ್ತುತ್ತದೆ ಎಂಬುದು ಸುಳ್ಳು. ಅವನನ್ನು ಒಂಟಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮ ರಾಜ್ಯದಲ್ಲಿ 2014ರಲ್ಲಿ ಶುರುವಾಯಿತು. ನಿಮ್ಮ ತಾಲ್ಲೂಕಿನಲ್ಲಿ ತಿಂಗಳ ಯಾವ ಮಂಗಳವಾರ ಬರುತ್ತಾರೆ ಎಂದು ವಿಚಾರಿಸಿಟ್ಟುಕೊಳ್ಳಿ.

ಈ ವಿಷಯದಲ್ಲಿ ಬಳ್ಳಾರಿ ಹೆಮ್ಮೆಪಡುವ ಊರು. 1985ರಿಂದ 1990ರವರೆಗೆ ನಿಮ್ಹಾನ್ಸ್ ಇದೇ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಮನೆ ಹತ್ತಿರವೇ ಔಷಧಿ ಸಿಗುವ ವ್ಯವಸ್ಥೆ ಮಾಡಿ ತೋರಿಸಿತು. 1996ರಲ್ಲಿ ಶುರುವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಇದೇ. ಈ ಊರಿನಲ್ಲಿ ಮನೋವೈದ್ಯರ ಹತ್ತಿರ ಹೋಗಲು ಗಂಡಸರು ಇನ್ನೂ ನಾಚುವುದು ಸರಿಯಲ್ಲ.

ಚಿತ್ರ ಮುಗಿದ ಮೇಲೂ ಒಂದು ಕಡೆ ಮುಖ ಬೆಳ್ಳಗಾಗುವ ಅಪಾಯ ಉಳಿದಿರುತ್ತದೆ, ಅದು ಮೊಬೈಲ್ ಮತ್ತು ಪ್ರಿಂಟಿಂಗ್ ಅಂಗಡಿ. ಚೌಕಟ್ಟಿನ ತುಂಬ ಕಪ್ಪಿದ್ದರೆ ಫೋನು ತಾನಾಗಿ ಬೆಳಕು ಏರಿಸುತ್ತದೆ. ಮುಖದ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ, ಎಕ್ಸ್‌ಪೋಶರ್ ಕೆಳಗೆ ಎಳೆಯಿರಿ. ಬ್ಯೂಟಿ ಮೋಡ್ ಆಫ್ ಇರಲಿ. ದೀಪ ಎರಡೂ ಬದಿಯಿಂದ 45 ಡಿಗ್ರಿಯಲ್ಲಿ, ಎದುರಿನಿಂದ ಬಂದರೆ ಕಪ್ಪು ಹೊಳೆದು ಬಿಳಿ ಪಟ್ಟೆ ಬೀಳುತ್ತದೆ. ಪ್ರದರ್ಶನದ ಬ್ಯಾನರಿಗೆ ಫೈಲು ಕೊಡುವಾಗ ‘ಫೇಸ್ ಬ್ರೈಟ್ ಮಾಡಬೇಡಿ’ ಎಂದು ಬಾಯಲ್ಲಿ ಹೇಳಿದರೆ ಸಾಲದು, ಆರ್ಡರ್ ಚೀಟಿಯಲ್ಲೇ ಬರೆಸಿ. ಮೊದಲು ಎ4 ಅಳತೆಯ ಒಂದು ತುಂಡು ಪ್ರಿಂಟ್ ತೆಗೆಸಿ, ಅಂಗಡಿಯ ಟ್ಯೂಬ್‌ಲೈಟ್‌ನಿಂದ ಹೊರಗೆ ತಂದು ಹಗಲು ಬೆಳಕಿನಲ್ಲಿ ಮೂಲ ಚಿತ್ರದ ಪಕ್ಕ ಹಿಡಿದು ನೋಡಿ. ದವಡೆಯ ಉಬ್ಬು, ಕಣ್ಣಡಿಯ ಹಸಿರು ಎರಡೂ ಕಂಡರೆ ಮಾತ್ರ ದೊಡ್ಡದಕ್ಕೆ ಒಪ್ಪಿಗೆ ಕೊಡಿ.